ಹೆರೆಮಣೆಯೂ ಹೆದರಿಸುತ್ತದೆ: ಮನೆಯಲ್ಲೇ ಮಕ್ಕಳಿಗೊಂದು ದೆವ್ವದ ಮನೆ ಕಟ್ಟುವ ಬಗೆ

ನಾವು ಮೊದಲ ವರ್ಷ ಹ್ಯಾಲೋವೀನ್‌ಗೆಂದು ಕಟ್ಟಿದ ದೆವ್ವದ ಮನೆ ಹನ್ನೊಂದು ನಿಮಿಷ ಬಾಳಿತು. ಬಿಳಿ ಪಂಚೆ ಹೊದ್ದು ಬಾಗಿಲ ಮರೆಯಲ್ಲಿ ನಿಂತಿದ್ದ ನನ್ನ ತಮ್ಮ ‘ಹೋ’ ಎಂದು ಹಾರಿದ. ತಂಗಿಯ ಐದು ವರ್ಷದ ಮಗಳು ಕಿರುಚಿಕೊಂಡು ಕತ್ತಲಲ್ಲೇ ಓಡಿ, ಹೊಸ್ತಿಲು ಎಡವಿ ಬಿದ್ದಳು. ಮಂಡಿಯ ಗಾಯ ಮೂರು ದಿನದಲ್ಲಿ ಒಣಗಿತು. ಆದರೆ ಆಮೇಲೆ ಒಂದು ತಿಂಗಳು ಅವಳು ಬಚ್ಚಲಿಗೆ ಒಬ್ಬಳೇ ಹೋಗಲಿಲ್ಲ, ನನ್ನ ತಂಗಿಯೂ ನನ್ನೊಡನೆ ಮನಸ್ಸು ಬಿಚ್ಚಿ ಮಾತಾಡಲಿಲ್ಲ.

ಅದಾದ ಮೇಲೆ ಮಂಗಳೂರಿನ ನಮ್ಮ ಅದೇ ಹಳೆಯ ಹಂಚಿನ ಮನೆಯಲ್ಲಿ ನಾಲ್ಕು ಸಲ ಈ ಆಟ ಆಡಿಸಿದ್ದೇವೆ. ಬಿದ್ದ ಹುಡುಗಿಯೇ ಈಗ ಮುಖ್ಯ ದೆವ್ವ. ನಡುವೆ ಬದಲಾದದ್ದು ಒಂದೇ: ಮೊದಲ ವರ್ಷ ಕತ್ತಲು ದೊಡ್ಡವರ ಕೈಯಲ್ಲಿತ್ತು, ಈಗ ಮಕ್ಕಳ ಕೈಯಲ್ಲಿದೆ. ಮುಂದೆ ಬರೆದಿರುವ ಬಣ್ಣ, ಬೆಳಕು, ಬಲೆ, ಶಾವಿಗೆ ಎಲ್ಲವೂ ಈ ಒಂದು ಮಾತಿಗೆ ಹೊಂದಿಕೊಂಡು ಬಂದವು.

ದಿನ, ಹೊತ್ತು, ಮಳೆ

ಹ್ಯಾಲೋವೀನ್ ಅಕ್ಟೋಬರ್ 31ರ ಸಂಜೆ. ನವೆಂಬರ್ 1 ಕ್ರೈಸ್ತರಿಗೆ ಸಕಲ ಸಂತರ ಹಬ್ಬ. ಅದರ ಮುನ್ನಾದಿನದ ಸಂಜೆ ಎಂಬುದೇ ಆ ಹೆಸರಿನ ಅರ್ಥ. ಇದರ ಬೇರನ್ನು ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯ ಹಳೆಯ ಕೆಲ್ಟ್ ಜನರ ಹಬ್ಬವೊಂದರಲ್ಲಿ ಹುಡುಕುತ್ತಾರೆ. ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ಆ ರಾತ್ರಿ ಸತ್ತವರು ತಿರುಗಾಡುತ್ತಾರೆಂಬುದು ಅವರ ನಂಬಿಕೆ. ಆ ಹಬ್ಬದ ಹೆಸರಿನ ಉಚ್ಚಾರ ಹೆಚ್ಚುಕಡಿಮೆ ‘ಸಾವಿನ್’. ಕನ್ನಡದ ಕಿವಿಗೆ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ನಮಗೆ ಇದರಲ್ಲಿ ಒಂದು ಅನುಕೂಲವಿದೆ. ಮರುದಿನ ಕನ್ನಡ ರಾಜ್ಯೋತ್ಸವ, ರಜೆ. ಶಾಲೆಯಲ್ಲಿ ಬೆಳಿಗ್ಗೆ ಧ್ವಜಾರೋಹಣ ಇರುತ್ತದೆ ಎನ್ನುವುದನ್ನು ಮಾತ್ರ ಮರೆಯಬೇಡಿ. ರಾತ್ರಿ ಒಂಬತ್ತಕ್ಕೆ ಮಕ್ಕಳು ಅವರವರ ಮನೆಯಲ್ಲಿರಬೇಕು. ಕೆಲವು ವರ್ಷ ದೀಪಾವಳಿ ಅಡ್ಡ ಬರುತ್ತದೆ. 2024ರಲ್ಲಿ ನರಕ ಚತುರ್ದಶಿ ಅಕ್ಟೋಬರ್ 31ರಂದೇ ಬಿದ್ದಿತ್ತು. ಗೂಡುದೀಪ ಹಚ್ಚಿ, ಎಣ್ಣೆಸ್ನಾನ ಮಾಡುವ ದಿನ ದೆವ್ವಗಳಿಗೆ ಬಿಡುವು ಕೊಡುವುದೇ ಸರಿ ಎಂದು ಒಂದು ವಾರ ಮುಂದೂಡಿದೆವು. 2026ರಲ್ಲಿ ಅದು ಶನಿವಾರ, ದೀಪಾವಳಿಗೆ ಇನ್ನೂ ಒಂದು ವಾರ ಇರುತ್ತದೆ.

ಕರಾವಳಿಯಲ್ಲಿ ಅಕ್ಟೋಬರ್ ಕೊನೆಯ ಸಂಜೆಗಳನ್ನು ನಂಬುವಂತಿಲ್ಲ. ಮಳೆಗಾಲ ಮುಗಿಯಿತೆಂದು ಕೊಡೆ ಮಡಚಿಟ್ಟ ಮೇಲೆಯೇ ಗುಡುಗು ಸಿಡಿಲಿನ ಮಳೆ ಬರುವುದು. ಹಾಗಾಗಿ ಅಂಗಳದಲ್ಲಿ ಏನನ್ನೂ ಕಟ್ಟಬೇಡಿ, ಎಲ್ಲವೂ ಮಾಡಿನಡಿಯೇ ಇರಲಿ. ಸಿಡಿಲು ಶುರುವಾದರೆ ಪ್ಲಗ್‌ಗಳನ್ನೆಲ್ಲ ಕಿತ್ತು ಬ್ಯಾಟರಿ ದೀಪಗಳಿಗೆ ಬದಲಾಗುವ ವ್ಯವಸ್ಥೆ ಮೊದಲೇ ಆಗಿರಬೇಕು. ಆರೂವರೆಗೆ ಸಾಕಷ್ಟು ಕತ್ತಲಾಗಿರುತ್ತದೆ. ಆರೂವರೆಯಿಂದ ಎಂಟರವರೆಗೆ ಸಾಕು.

ಕರೆಯುವಾಗ ಅಕ್ಕಪಕ್ಕದ ಮನೆಗಳಿಗೆ ನೀವೇ ಹೋಗಿ ಹೇಳಿ. ವಾಟ್ಸ್ಆ್ಯಪ್ ಸಂದೇಶವನ್ನು ವಯಸ್ಸಾದವರು ನೋಡಿರುವುದಿಲ್ಲ, ಏಳು ಗಂಟೆಗೆ ಕೇಳುವ ಕಿರುಚಾಟಕ್ಕೆ ಗಾಬರಿಯಾಗುತ್ತಾರೆ. ಹೃದಯದ ತೊಂದರೆ ಇರುವವರು, ಗರ್ಭಿಣಿಯರು, ಉಬ್ಬಸದ ಮಕ್ಕಳು ಯಾರಿದ್ದಾರೆಂದು ಆಗಲೇ ತಿಳಿದುಕೊಳ್ಳಿ.

ಯಾರನ್ನು ದೆವ್ವ ಮಾಡಬಾರದು

ಈ ಬರಹದಲ್ಲಿ ನಾನು ‘ಭೂತಬಂಗಲೆ’ ಎಂಬ ಪದವನ್ನು ಬೇಕೆಂದೇ ಬಳಸಿಲ್ಲ. ಘಟ್ಟದ ಮೇಲಿನವರಿಗೆ ಭೂತ ಎಂದರೆ ದೆವ್ವ. ತುಳುನಾಡಿನಲ್ಲಿ ಭೂತ ಎಂದರೆ ದೈವ, ಮನೆತನಗಳು ನಂಬಿ ನಡೆಯುವ ಶಕ್ತಿ. ಮೊದಲ ವರ್ಷ ಮಕ್ಕಳು ಉತ್ಸಾಹದಲ್ಲಿ ಮುಖಕ್ಕೆ ಹಳದಿ ಬಳಿದು, ಸೊಂಟಕ್ಕೆ ತೆಂಗಿನ ಎಳೆಗರಿ ಸುತ್ತಿಕೊಂಡು ದೈವದ ವೇಷದಲ್ಲೇ ಬಂದಿದ್ದರು. ಅಮ್ಮ ಜಗಲಿಯಲ್ಲೇ ತಡೆದರು. ಬೈಯಲಿಲ್ಲ, “ಇದನ್ನು ಕಟ್ಟುವವರು ಕಟ್ಟುವ ಮೊದಲು ವ್ರತ ಹಿಡಿಯುತ್ತಾರೆ, ನೀವೇನು ಹಿಡಿದಿದ್ದೀರಿ?” ಎಂದು ಕೇಳಿದರು ಅಷ್ಟೆ. ಹಾಗಾಗಿ ನಿಯಮ ಸರಳ: ದೈವದ ಕೋಲದಲ್ಲಿ ತೊಡುವ ಅಣಿ, ಗಗ್ಗರ, ತಿರಿ, ದೈವದ ಮುಖವರ್ಣಿಕೆ, ಕೋಲದ ಕೂಗು ಯಾವುದೂ ಬೇಡ. ಕೋಲದ ವಾದ್ಯವಾದ ತಾಸೆಯ ಪೆಟ್ಟನ್ನು ಮೊಬೈಲಿನಲ್ಲಿ ಹಾಕುವುದೂ ಬೇಡ.

ಇದರಿಂದ ಆಟಕ್ಕೆ ಬಡತನವೇನೂ ಬರುವುದಿಲ್ಲ. ನಮ್ಮಲ್ಲಿ ಗುಮ್ಮ ಇದೆ, ಕೊಳ್ಳಿದೆವ್ವ ಇದೆ, ಹಿಮ್ಮುಖ ಪಾದದ ಮೋಹಿನಿ ಇದ್ದಾಳೆ, ಪಾಠ ಕಲಿಸಿಕೊಡುವ ಬ್ರಹ್ಮರಾಕ್ಷಸ ಇದ್ದಾನೆ, ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದರೆ ಓದಿಕೊಂಡು ಹಿಂದಿರುಗುವಷ್ಟು ಅಕ್ಷರ ಬಲ್ಲ ದೆವ್ವವೂ ಇದೆ. ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಎಂದು ಬರೆದ ಬಾಗಿಲೇ ನಮ್ಮ ದೆವ್ವದ ಮನೆಯ ಪ್ರವೇಶದ್ವಾರ. ಅಜ್ಜ ಅಜ್ಜಿಯರಿಗೆ ಅದನ್ನು ನೋಡಿದ ಕೂಡಲೇ ನಗು ಬರುತ್ತದೆ, ಹಳೆಯ ಕಥೆ ಹೇಳತೊಡಗುತ್ತಾರೆ. ಸಾಲಿನಲ್ಲಿ ಕಾಯುವ ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಮುನ್ನುಡಿ ಬೇಕಿಲ್ಲ.

ಥರ್ಮೋಕೋಲಿನ ಸಮಾಧಿಕಲ್ಲು, ಶಿಲುಬೆ ನಿಲ್ಲಿಸುವ ಆಸೆಯನ್ನೂ ಬಿಡಿ. ನವೆಂಬರ್ 2 ಸಕಲ ಮೃತರ ಸ್ಮರಣೆಯ ದಿನ; ಮಂಗಳೂರಿನ ನಮ್ಮ ಕ್ಯಾಥೊಲಿಕ್ ನೆರೆಯವರು ಆ ದಿನ ತಮ್ಮವರ ಸಮಾಧಿಗೆ ಹೂವಿಟ್ಟು ಮೇಣದಬತ್ತಿ ಹಚ್ಚಲು ಹೋಗುತ್ತಾರೆ. ಎರಡು ದಿನ ಮೊದಲು ಅದನ್ನೇ ತಮಾಷೆ ಮಾಡುವುದು ಚೆನ್ನಾಗಿರುವುದಿಲ್ಲ. ನೇಣಿನ ಬೊಂಬೆ, ಹುಚ್ಚರ ವೇಷ ಇವೂ ಮಕ್ಕಳ ಮನೆಗೆ ತಕ್ಕವಲ್ಲ.

ದಾರಿ

ಕಾಗದದ ಮೇಲೆ ಮನೆಯ ನಕ್ಷೆ ಬರೆದು ಒಂದೇ ದಿಕ್ಕಿನ ದಾರಿ ಎಳೆಯಿರಿ. ಹೋದ ದಾರಿಯಲ್ಲೇ ಹಿಂದೆ ಬರುವಂತಾದರೆ ಕತ್ತಲಲ್ಲಿ ಮಕ್ಕಳು ಡಿಕ್ಕಿ ಹೊಡೆದುಕೊಳ್ಳುತ್ತಾರೆ. ನಮ್ಮದು ಜಗಲಿಯಿಂದ ಚಾವಡಿ, ಚಾವಡಿಯಿಂದ ಉದ್ದನೆಯ ನಡುಕೋಣೆ, ಅಲ್ಲಿಂದ ಬಚ್ಚಲಿನ ಪಕ್ಕದ ಓಣಿ, ಕೊನೆಗೆ ದೀಪ ಉರಿಯುವ ಅಡುಗೆಮನೆ. ಅಂದರೆ ಭಯ ಮುಗಿಯುವ ಜಾಗದಲ್ಲಿ ತಿಂಡಿ ಇದೆ. ದೇವರಕೋಣೆಗೆ ಬೀಗ. ಹಿತ್ತಲಿನ ಬಾಗಿಲಿಗೂ ಬೀಗ, ಏಕೆಂದರೆ ಅಲ್ಲಿ ಬಾವಿ ಇದೆ. ಬಲೆ ಹಾಕಿದ ಬಾವಿಯಾದರೂ ಕತ್ತಲಲ್ಲಿ ಮಕ್ಕಳನ್ನು ಆ ಕಡೆ ಬಿಡಬಾರದು. ಬಾವಿಕಟ್ಟೆಯ ಮೇಲೆ ಮೋಹಿನಿಯನ್ನು ಕೂರಿಸಿದರೆ ಎಷ್ಟು ಚೆನ್ನ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ, ಕಿವಿಗೊಡಬೇಡಿ.

ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಒಂದು ಮಲಗುವ ಕೋಣೆ ಮತ್ತು ಅದಕ್ಕೆ ಹೋಗುವ ಓಣಿ ಸಾಕು. ಬಟ್ಟೆ ಒಣಗಿಸುವ ಹಗ್ಗ ಕಟ್ಟಿ ಹಳೆಯ ಹೊದಿಕೆಗಳನ್ನು ಕ್ಲಿಪ್ಪಿನಿಂದ ನೇತುಹಾಕಿದರೆ ಒಂದು ಕೋಣೆಯಲ್ಲೇ ಮೂರು ತಿರುವು ಸಿಗುತ್ತವೆ. ಬಾಲ್ಕನಿ ಬಾಗಿಲು ಭದ್ರವಾಗಿ ಮುಚ್ಚಿರಲಿ. ಕರಾವಳಿಯ ಮನೆಗಳಲ್ಲಿ ಮಳೆಗಾಲಕ್ಕೆ ಕಟ್ಟಿದ್ದ ಕಪ್ಪು ಟಾರ್ಪಾಲು ಹೇಗೂ ಇರುತ್ತದೆ. ಗೋಡೆಗೆ ಒರಗಿಸಿ ಬಿಗಿಯಾಗಿ ಕಟ್ಟಿದರೆ ಬೆಳಕನ್ನು ಚೆನ್ನಾಗಿ ನುಂಗುತ್ತದೆ. ಸಡಿಲ ಬಿಟ್ಟರೆ ಚರಚರ ಸದ್ದು ಮಾಡಿ ದೆವ್ವ ಎಲ್ಲಿದೆಯೆಂದು ಮೊದಲೇ ಹೇಳಿಬಿಡುತ್ತದೆ.

ಹಳೆಯ ಮನೆಗಳ ಎತ್ತರದ ಹೊಸ್ತಿಲು ಮತ್ತು ತಗ್ಗಿನ ಬಾಗಿಲು ಇವೆರಡೇ ನಿಜವಾದ ಅಪಾಯ. ಹೊಸ್ತಿಲಿಗೆ ಕತ್ತಲಲ್ಲಿ ಹೊಳೆಯುವ ಟೇಪ್ ಅಂಟಿಸಿ. ಬಾಗಿಲ ಮೇಲ್ಚೌಕಟ್ಟಿಗೆ ಹಳೆಯ ದಿಂಬು ಕಟ್ಟಿ. ರೆಡ್ ಆಕ್ಸೈಡ್ ನೆಲಕ್ಕೆ ಹನಿ ನೀರು ಬಿದ್ದರೂ ಜಾರುತ್ತದೆ, ಚಾಪೆಯೂ ಜಾರುತ್ತದೆ. ನೆಲ ಒಣಗಿರಲಿ, ಬರಿಗಾಲಿನಲ್ಲಿ ನಡೆಯಲಿ. ವೈರುಗಳೆಲ್ಲ ಗೋಡೆಯಂಚಿನಲ್ಲಿ ಹೋಗಲಿ.

ಜೇಡರಬಲೆಗೆ ಅಂಗಡಿಯ ಹತ್ತಿಯನ್ನೂ ಬೂರುಗದ ಹತ್ತಿಯನ್ನೂ ಬಳಸಬೇಡಿ, ಕಿಡಿ ಸಾಕು ಹೊತ್ತಿಕೊಳ್ಳಲು. ಹರಿದ ಸೊಳ್ಳೆಪರದೆಯನ್ನು ಇನ್ನಷ್ಟು ಹರಿದು ಮಾಡಿನ ತೊಲೆಗೆ ಕಟ್ಟಿದರೆ ಅದಕ್ಕಿಂತ ಚೆನ್ನಾಗಿ ಕಾಣುತ್ತದೆ. ಮಲ್ಪೆ ಅಥವಾ ಮಂಗಳೂರು ಬಂದರಿನ ಕಡೆ ಪರಿಚಯದವರಿದ್ದರೆ ಬಿಟ್ಟ ಮೀನುಬಲೆ ಸಿಗುತ್ತದೆ. ಎರಡು ಸಲ ಸೋಪಿನ ನೀರಿನಲ್ಲಿ ನೆನೆಸಿ ಬಿಸಿಲಿಗೆ ಹಾಕಿ. ಇಲ್ಲದಿದ್ದರೆ ದೆವ್ವದ ಬದಲು ಬೆಕ್ಕುಗಳು ಬರುತ್ತವೆ. ಬಲೆ ಆರಡಿಗಿಂತ ಕೆಳಗೆ ಇಳಿಯಬಾರದು, ಗುಂಡಿ, ಕಿವಿಯೋಲೆ ಸಿಕ್ಕಿಕೊಳ್ಳುತ್ತದೆ.

ಬೆಳಕು ಮತ್ತು ಸದ್ದು

ಪೂರ್ತಿ ಕತ್ತಲು ಹೆದರಿಸುವುದಿಲ್ಲ, ಅದರಲ್ಲಿ ಏನೂ ಕಾಣುವುದೇ ಇಲ್ಲವಲ್ಲ. ಅರ್ಧ ಕಾಣಬೇಕು. ಟ್ಯೂಬ್‌ಲೈಟಿನ ಬೆಳಕಿನಿಂದ ನೇರ ಒಳಗೆ ಬಂದ ಮಗುವಿಗೆ ಕೆಲವು ನಿಮಿಷ ಏನೂ ತೋರುವುದಿಲ್ಲ, ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆಯವರೆಗೂ ಬೇಕು. ಅದಕ್ಕೇ ಜಗಲಿಯ ದೀಪ ಆರಿಸಿ, ಒಂದೇ ಒಂದು ಮಂದ ದೀಪದ ಅಡಿ ಐದು ನಿಮಿಷ ಕೂರಿಸಿ ಕಥೆ ಹೇಳಿ. ಆಮೇಲೆ ಒಳಗೆ ಎರಡು ಜೀರೋ ಎಲ್‌ಇಡಿ ಬಲ್ಬುಗಳೇ ಸಾಕಾಗುತ್ತವೆ. ನೀಲಿ ಬಲ್ಬಿಗೆ ಬೆಳದಿಂಗಳ ಭಾವ ಬರುತ್ತದೆ. ಕೆಂಪು ಅಗ್ಗದ ನಾಟಕದಂತೆ ಕಾಣುತ್ತದೆ, ನನಗೆ ಹಿಡಿಸದು. ದೀಪವನ್ನು ನೆಲದ ಮೇಲಿಟ್ಟು ಮೇಲಕ್ಕೆ ತಿರುಗಿಸಿದರೆ ಗೋಡೆಗೆ ಒರಗಿಸಿಟ್ಟ ಪೊರಕೆಯ ನೆರಳೂ ಬೆಳೆದು ನಿಲ್ಲುತ್ತದೆ.

ಮೇಣದಬತ್ತಿ, ಹಣತೆ, ಸಾಂಬ್ರಾಣಿ ಹೊಗೆ ಯಾವುದೂ ಬೇಡ. ತೂಗುವ ಬಟ್ಟೆ, ಒಣಗಿದ ತೆಂಗಿನ ಮಡಲು, ಓಡುವ ಮಕ್ಕಳು ಇರುವ ಕಡೆ ಬೆಂಕಿಗೆ ಜಾಗವಿಲ್ಲ. ಎಲ್‌ಇಡಿ ಬತ್ತಿಗಳನ್ನು ಕೊಳ್ಳುವಾಗ ಒಂದು ಮಾತು: ಒಳಗಿನ ಗುಂಡಿಯಾಕಾರದ ಬ್ಯಾಟರಿಯ ಮುಚ್ಚಳ ಸ್ಕ್ರೂನಿಂದ ಬಿಗಿದಿರಬೇಕು. ಅದನ್ನು ನುಂಗಿದ ಮಗುವಿನ ಅನ್ನನಾಳ ಕೆಲವೇ ಗಂಟೆಗಳಲ್ಲಿ ಸುಟ್ಟುಹೋಗಬಹುದು. ಇಡೀ ಮನೆಯ ದೆವ್ವಗಳಲ್ಲಿ ನನಗೆ ನಿಜವಾಗಿ ಭಯ ಇರುವುದು ಆ ಒಂದು ಗುಂಡಿಯದು.

ಮೊಬೈಲಿನಲ್ಲಿ ಸಿಗುವ ಕಿರುಚಾಟ, ನರಿ ಊಳಿಡುವ ಸದ್ದನ್ನು ಮಕ್ಕಳು ಕೂಡಲೇ ಗುರುತಿಸುತ್ತಾರೆ. ಮನೆಯ ಸದ್ದು ಹಾಗಲ್ಲ. ಬಾಗಿಲಾಚೆ ಕುಳಿತು ಹೆರೆಮಣೆಯ, ಅಂದರೆ ಕಾಯಿ ತುರಿಯುವ ಮಣೆಯ, ಹಲ್ಲಿಗೆ ಖಾಲಿ ಗೆರಟೆ ಹಿಡಿದು ನಿಧಾನವಾಗಿ ಕೆರೆಯಿರಿ: ಕರ್ರ್, ಬಿಡುವು, ಮತ್ತೆ ಕರ್ರ್. ದಿನವೂ ಕೇಳುವ ಸದ್ದೇ, ಆದರೆ ಕತ್ತಲಲ್ಲಿ, ಕಾಯಿಯ ತಿರುಳಿಲ್ಲದೆ, ಯಾರೋ ಮೂಳೆ ಕೆರೆಯುತ್ತಿರುವಂತೆ ಕೇಳುತ್ತದೆ. ನಡುವಿನ ಬಿಡುವು ಮುಖ್ಯ. ಎರಡು ಸಲ ಕೆರೆದು ಇಪ್ಪತ್ತು ಎಣಿಸುವವರೆಗೆ ಸುಮ್ಮನಿದ್ದರೆ ಹದಿಮೂರು ವರ್ಷದ ಧೀರನೂ ಪಕ್ಕದವನ ಅಂಗಿ ಹಿಡಿದುಕೊಳ್ಳುತ್ತಾನೆ. ಹಂಡೆಯೊಳಗೆ ಬಾಯಿ ಇಟ್ಟು ಮೆಲ್ಲಗೆ ಹೆಸರು ಕರೆಯುವುದು ಇನ್ನೊಂದು. ಐದನೆಯ ಹೆಸರಿಗೆ ಮಕ್ಕಳಿಗೆ ನಗು ಬರುತ್ತದೆ, ಬರಲಿ.

ಕುರ್ಚಿಯ ಮೇಲಿನ ಅಜ್ಜಿ

ಸಮಯವಿಲ್ಲದಿದ್ದರೆ ಬೇರೆಲ್ಲ ಬಿಟ್ಟು ಇದೊಂದನ್ನು ಮಾಡಿ. ಖಾಲಿ ಆರಾಮಕುರ್ಚಿ. ನೋಡುತ್ತಿದ್ದಂತೆ ಅದರಲ್ಲಿ ನಿಧಾನವಾಗಿ ಒಬ್ಬ ಅಜ್ಜಿ ಮೂಡುತ್ತಾಳೆ, ಅವಳ ಮೈಯೊಳಗಿಂದ ಕುರ್ಚಿಯ ಬೆತ್ತವೂ ಕಾಣುತ್ತಿರುತ್ತದೆ. ನಕ್ಕು, ತಲೆಯಾಡಿಸಿ, ಕರಗಿಹೋಗುತ್ತಾಳೆ.

ಇದು 1862ರಲ್ಲಿ ಲಂಡನ್ನಿನ ರಾಯಲ್ ಪಾಲಿಟೆಕ್ನಿಕ್‌ನಲ್ಲಿ ಜಾನ್ ಹೆನ್ರಿ ಪೆಪ್ಪರ್ ರಂಗದ ಮೇಲೆ ತೋರಿಸಿದ ತಂತ್ರ. ಮೂಲ ಯೋಚನೆ ಹೆನ್ರಿ ಡರ್ಕ್ಸ್ ಎಂಬ ಎಂಜಿನಿಯರ್‌ನದು, ಹೆಸರು ಮಾತ್ರ ‘ಪೆಪ್ಪರ್‌ನ ದೆವ್ವ’ ಎಂದೇ ನಿಂತಿತು. ರಾತ್ರಿ ದೀಪ ಹಾಕಿದ ಬಸ್ಸಿನ ಕಿಟಕಿಯಲ್ಲಿ ನಮ್ಮ ಮುಖವೂ ಹೊರಗಿನ ಗದ್ದೆಯೂ ಒಟ್ಟಿಗೆ ಕಾಣುತ್ತದಲ್ಲ, ಅದೇ ವಿದ್ಯೆ. ಗಾಜಿನ ಈಚೆ ಬೆಳಕು ಹೆಚ್ಚಿದರೆ ಪ್ರತಿಬಿಂಬ ಗೆಲ್ಲುತ್ತದೆ, ಆಚೆ ಹೆಚ್ಚಿದರೆ ಆಚೆಯದು ಗೆಲ್ಲುತ್ತದೆ.

ಬೇಕಾದ್ದು ಮೂರು ಮಿಲಿಮೀಟರ್ ದಪ್ಪದ, ಎರಡಡಿ ಅಗಲ ಮೂರಡಿ ಎತ್ತರದ ಪಾರದರ್ಶಕ ಅಕ್ರಿಲಿಕ್ ಹಾಳೆ. ನಾಮಫಲಕ ಮಾಡುವ ಅಂಗಡಿಗಳಲ್ಲಿ ಕತ್ತರಿಸಿ ಕೊಡುತ್ತಾರೆ. ಗಾಜು ಬೇಡ, ಒಡೆದರೆ ಕಷ್ಟ. ಅಂಚುಗಳಿಗೆ ಕಪ್ಪು ಟೇಪ್ ಸುತ್ತಿ. ನಮ್ಮ ಮನೆಯಲ್ಲಿ ಚಾವಡಿಗೂ ನಡುಕೋಣೆಗೂ ನಡುವೆ ಮರದ ಸರಳಿನ ಕಿಟಕಿ ಇದೆ. ಮಕ್ಕಳು ಚಾವಡಿಯಿಂದ ಇಣುಕಬೇಕು. ಕಿಟಕಿಯ ಒಳಬದಿಯಲ್ಲಿ ಹಾಳೆಯನ್ನು ಲಂಬವಾಗಿ ನಿಲ್ಲಿಸಿ, ಅದರ ಬಲ ಅಂಚು ಕಿಟಕಿಯ ಬಲ ಚೌಕಟ್ಟಿಗೆ ತಾಗಲಿ, ಎಡ ಅಂಚು ಕೋಣೆಯೊಳಕ್ಕೆ ಸರಿದು 45 ಡಿಗ್ರಿ ಓರೆಯಾಗಿರಲಿ. ಎರಡು ಸ್ಟೂಲುಗಳ ನಡುವೆ ಇಟ್ಟು ಬಟ್ಟೆ ಕ್ಲಿಪ್ಪು ಹಾಕಿದರೆ ನಿಲ್ಲುತ್ತದೆ. ಈಗ ದೆವ್ವವಾಗುವವರು ಕಿಟಕಿಯ ಎಡಗಡೆ, ಗೋಡೆಯ ಮರೆಯಲ್ಲಿ, ಹಾಳೆಗೆ ಮುಖ ಮಾಡಿ ಕೂರುತ್ತಾರೆ. ಚಾವಡಿಯವರಿಗೆ ಅವರು ನೇರವಾಗಿ ಕಾಣಬಾರದು. ಅವರ ಬೆನ್ನ ಹಿಂದೆ ಕಪ್ಪು ಬಟ್ಟೆ.

ಇನ್ನು ಎಲ್ಲರೂ ತಪ್ಪುವ ಜಾಗ. ಪ್ರತಿಬಿಂಬವು ಹಾಳೆಯ ಮುಂದೆ ವಸ್ತು ಎಷ್ಟು ದೂರವಿದೆಯೋ ಹಾಳೆಯ ಹಿಂದೆ ಅಷ್ಟೇ ದೂರದಲ್ಲಿ ಮೂಡುತ್ತದೆ. ಕುಳಿತವರು ಹಾಳೆಯ ನಡುವಿನಿಂದ ನಾಲ್ಕಡಿ ದೂರವಿದ್ದರೆ ಖಾಲಿ ಕುರ್ಚಿಯೂ ಹಾಳೆಯ ಆಚೆ, ಕಿಟಕಿಗೆ ನೇರವಾಗಿ ನಾಲ್ಕೇ ಅಡಿ ದೂರದಲ್ಲಿರಬೇಕು. ಕಡಿಮೆಯಾದರೆ ಅಜ್ಜಿ ಕುರ್ಚಿಯ ಬೆನ್ನಿನೊಳಗೆ ಹೂತಂತೆ, ಹೆಚ್ಚಾದರೆ ಎದುರಿಗೆ ತೇಲಿದಂತೆ ಕಾಣುತ್ತಾಳೆ. ಕುಳಿತವರ ಸ್ಟೂಲೂ ಕುರ್ಚಿಯ ಆಸನವೂ ಒಂದೇ ಎತ್ತರ ಇರಲಿ. ಹೇಳುವಾಗ ಗಣಿತದಂತೆ ಕೇಳುತ್ತದೆ. ಮಾಡುವಾಗ ಒಬ್ಬರು ಕಿಟಕಿಯಲ್ಲಿ ನಿಂತು “ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ, ಸಾಕು” ಎಂದರೆ ಹತ್ತು ನಿಮಿಷದ ಕೆಲಸ. ಸಿಕ್ಕಿದ ಕೂಡಲೇ ನಾಲ್ಕೂ ಕಾಲಿನ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿಬಿಡಿ.

ಕುರ್ಚಿಯ ಮೇಲೆ ಮಂದ ನೀಲಿ ಬೆಳಕು ಸದಾ ಇರಲಿ. ಅಜ್ಜಿಯ ಮುಂದೆ ಟಾರ್ಚ್ ಇಟ್ಟು ಅದಕ್ಕೆ ನಾಲ್ಕು ಪದರ ಬೆಣ್ಣೆಕಾಗದ ಮುಚ್ಚಿ, ಒಂದೊಂದೇ ಪದರ ತೆಗೆಯುತ್ತ ಹೋದರೆ ಅವಳು ಮೂಡುತ್ತಾಳೆ, ಮತ್ತೆ ಮುಚ್ಚಿದರೆ ಮರೆಯಾಗುತ್ತಾಳೆ. ಬಿಳಿ ಸೀರೆ, ಮುಖಕ್ಕೆ ಟಾಲ್ಕಮ್ ಪೌಡರ್. ಕಪ್ಪು ಬಟ್ಟೆ ತೊಟ್ಟರೆ ತಲೆ ಮಾತ್ರ ತೇಲುತ್ತದೆ, ಅದು ದೊಡ್ಡ ಮಕ್ಕಳ ಸರದಿಗೆ ಇರಲಿ.

ಎಲ್ಲ ಮುಗಿದ ಮೇಲೆ ದೀಪ ಹಾಕಿ ಈ ತಂತ್ರವನ್ನು ಮಕ್ಕಳಿಗೆ ಬಿಚ್ಚಿ ತೋರಿಸಿ. ಪ್ರತಿ ವರ್ಷ ಅತ್ಯಂತ ಹೆಚ್ಚು ಗದ್ದಲ ಆಗ. ತಾವೂ ದೆವ್ವವಾಗಬೇಕೆಂದು ಸ್ಟೂಲಿಗೆ ಸಾಲು ನಿಲ್ಲುತ್ತಾರೆ. ಮೊದಲ ವರ್ಷ ಬಿದ್ದಿದ್ದ ತಂಗಿಯ ಮಗಳು ಎರಡನೆಯ ವರ್ಷ ಒಳಗೆ ಬರಲು ಒಪ್ಪಿದ್ದೇ ಈ ಸ್ಟೂಲಿನಿಂದಾಗಿ. ಹಗಲಲ್ಲೇ ಕೂರಿಸಿ ಅವಳನ್ನು ಅಜ್ಜಿ ಮಾಡಿದೆವು, ಸಂಜೆ ತಾನು ಯಾರನ್ನೆಲ್ಲ ಹೆದರಿಸಬೇಕೆಂದು ಪಟ್ಟಿ ಮಾಡಿಕೊಂಡಳು.

ಮುಟ್ಟಿ ನೋಡುವ ಡಬ್ಬಗಳು

ರಟ್ಟಿನ ಪೆಟ್ಟಿಗೆಗೆ ಕೈ ಹೋಗುವಷ್ಟು ತೂತು, ತೂತಿಗೆ ಹಳೆಯ ಕಾಲುಚೀಲದ ತೋಳು, ಒಳಗೆ ಒಂದು ಸ್ಟೀಲ್ ಬಟ್ಟಲು. ತಣ್ಣಗಿದ್ದಷ್ಟೂ ಒಳ್ಳೆಯದು, ಆದ್ದರಿಂದ ಬಟ್ಟಲುಗಳೆಲ್ಲ ಮಧ್ಯಾಹ್ನವೇ ಫ್ರಿಜ್ಜಿಗೆ ಹೋಗಲಿ.

ಒತ್ತುಶಾವಿಗೆಗೆ ಚೂರು ತೆಂಗಿನೆಣ್ಣೆ ಸವರಿದರೆ ಕರುಳು. ಸಿಪ್ಪೆ ಸುಲಿದ ದ್ರಾಕ್ಷಿ ಕಣ್ಣು. ನೆನೆಸಿದ ಕಾಮಕಸ್ತೂರಿ ಬೀಜ ಕಪ್ಪೆಯ ಮೊಟ್ಟೆ. ತೆಂಗಿನ ನಾರು ಕೂದಲು, ಒಣಗಿದ ಸೌತೆಬೀಜ ಉಗುರು. ಕತ್ತರಿಸಿದ ಬೆಂಡೆಕಾಯಿಯನ್ನು ನೀರಿನಲ್ಲಿ ರಾತ್ರಿಯಿಡೀ ಬಿಟ್ಟರೆ ಸಿಗುವ ಲೋಳೆಗೆ ಹೆಸರೇ ಬೇಕಿಲ್ಲ. ಇವೆಲ್ಲಕ್ಕಿಂತ ಮೇಲಿನದು ಬೊಂಡದ, ಅಂದರೆ ಎಳನೀರಿನ ಕಾಯಿಯ, ಎಳೆಗಂಜಿ. ಎಳನೀರು ಕುಡಿದ ಮೇಲೆ ತೆಳ್ಳಗಿನ ಗಂಜಿಯನ್ನು ಹರಿಯದಂತೆ ಚಮಚದಿಂದ ಎಬ್ಬಿಸಿ, ತಣ್ಣನೆಯ ನೀರಿನಲ್ಲಿ ತೇಲಬಿಡಿ. ಬೆರಳಿಗೆ ತಾಗಿದ ಕೂಡಲೇ ಅದು ಜಾರಿ ಸರಿಯುತ್ತದೆ, ಜೀವ ಇದ್ದಂತೆ. ಡಬ್ಬದ ಮೇಲೆ ‘ಮೀನುಗಾರ ಬಿಟ್ಟುಹೋದ ಚರ್ಮ’ ಎಂದು ಬರೆದಿದ್ದೆವು. ದಿನವೂ ಬೊಂಡ ಕುಡಿಯುವ ಮಕ್ಕಳು ಒಬ್ಬರೂ ಕಂಡುಹಿಡಿಯಲಿಲ್ಲ.

ಉಪ್ಪು, ಖಾರ, ಗೋಡಂಬಿ, ಕಡಲೆಕಾಯಿ ಡಬ್ಬಗಳಲ್ಲಿ ಬೇಡ. ಮುಟ್ಟಿದ ಕೈ ಬಾಯಿಗೆ, ಕಣ್ಣಿಗೆ ಹೋಗುತ್ತದೆ. ಕೊನೆಯ ಡಬ್ಬದ ಪಕ್ಕ ಒದ್ದೆ ಟವೆಲ್ ಇರಲಿ.

ಕುಂಬಳದ ಬದಲು ಸೌತೆ

ಐರ್ಲೆಂಡಿನವರು ಮೊದಲು ಕೆತ್ತುತ್ತಿದ್ದುದು ಟರ್ನಿಪ್ ಗಡ್ಡೆಯನ್ನು. ಅಮೆರಿಕಕ್ಕೆ ವಲಸೆ ಹೋದ ಮೇಲೆ ಅಲ್ಲಿ ಹೇರಳವಾಗಿದ್ದ ಕುಂಬಳ ಕೈಗೆ ಬಂತು. ಕೈಗೆ ಸಿಕ್ಕಿದ್ದನ್ನು ಕೆತ್ತುವುದೇ ಸಂಪ್ರದಾಯ ಎಂದಾದರೆ ನಮಗೆ ಮಂಗಳೂರು ಸೌತೆ ಇದೆ. ಮಾಡಿನಿಂದ ಬಾಳೆನಾರಿನಲ್ಲಿ ತೂಗುಬಿಟ್ಟ ಹಳದಿ ಸೌತೆ ಹೇಗೂ ಅರ್ಧ ಲಾಟೀನಿನಂತೆಯೇ ಕಾಣುತ್ತದೆ. ಬುಡದ ಕಡೆ ಕತ್ತರಿಸಿ, ಚಮಚದಿಂದ ತಿರುಳು ತೆಗೆದು, ಗೋಡೆ ಅರ್ಧ ಬೆರಳು ದಪ್ಪ ಉಳಿಯುವಂತೆ ಕೆರೆಯಿರಿ. ಕಣ್ಣು ಬಾಯಿಯನ್ನು ಪೂರ್ತಿ ತೂತು ಮಾಡಬೇಕಾಗಿಲ್ಲ, ಹೊರಸಿಪ್ಪೆ ಮಾತ್ರ ಕೆತ್ತಿ ತೆಗೆದರೆ ಎಲ್‌ಇಡಿ ಬೆಳಕು ಎಳೆಹಸಿರಾಗಿ ಸೋಸಿ ಬರುತ್ತದೆ. ಚಾಕು ದೊಡ್ಡವರ ಕೈಯಲ್ಲಿರಲಿ, ಮುಖ ಬರೆಯುವ ಕೆಲಸ ಮಕ್ಕಳದು. ನಮ್ಮ ಸೆಖೆಗೆ ಕೆತ್ತಿದ್ದು ಎರಡನೆಯ ದಿನವೇ ಮೆತ್ತಗಾಗಿ ಇರುವೆ ಮುತ್ತುತ್ತವೆ. ಅದೇ ದಿನ ಬೆಳಿಗ್ಗೆ ಕೆತ್ತಿ. ತೆಗೆದ ತಿರುಳು ಮಧ್ಯಾಹ್ನದ ಹುಳಿಗೆ.

ಮುಖವಾಡಗಳಿಗೆ ಬಿದ್ದ ಅಡಿಕೆ ಹಾಳೆ. ನೀರಿನಲ್ಲಿ ಒಂದು ಗಂಟೆ ನೆನೆಸಿದರೆ ಕತ್ತರಿಗೆ ಬಗ್ಗುತ್ತದೆ. ಗೂಬೆ, ಬಾವಲಿ, ಬೆಕ್ಕು ಮಾಡಿ. ಮೇಲೆ ಹೇಳಿದ ಕಾರಣಕ್ಕೆ ದೈವದ ಮೊಗವನ್ನು ಹೋಲುವಂಥದ್ದು ಬೇಡ. ಮುಖಕ್ಕೆ ಬಣ್ಣ ಹಚ್ಚುವುದಾದರೆ ಹಿಂದಿನ ದಿನ ಮಣಿಕಟ್ಟಿನ ಒಳಬದಿಗೆ ಚೂರು ಹಚ್ಚಿ ನೋಡಿ. ಗೋಡೆಯ ಪೇಂಟು ಯಾವ ಕಾರಣಕ್ಕೂ ಬೇಡ.

ದೆವ್ವಗಳಿಗೆ ನಿಯಮ

ದೆವ್ವ ಮುಟ್ಟುವಂತಿಲ್ಲ, ಅಟ್ಟಿಸಿಕೊಂಡು ಹೋಗುವಂತಿಲ್ಲ, ದಾರಿ ಅಡ್ಡಗಟ್ಟುವಂತಿಲ್ಲ. ಬೆನ್ನ ಹಿಂದಿನಿಂದ ಹೆದರಿಸಿದರೆ ಮಗು ಮುಂದಕ್ಕೆ ಓಡುತ್ತದೆ. ಬದಿಯಿಂದ, ನಾಲ್ಕಡಿ ದೂರದಲ್ಲಿ ಕಾಣಿಸಿಕೊಂಡರೆ ನಿಂತುಬಿಡುತ್ತದೆ. ನಿಲ್ಲುವುದು ಬೇಕು, ಓಡುವುದು ಬೇಡ. ಧುತ್ತೆಂದು ಬರುವ ದೆವ್ವ ಇಡೀ ದಾರಿಗೆ ಒಂದೇ ಇರಲಿ, ಬಂದ ಮೇಲೆ ಒಂದು ಹೆಜ್ಜೆ ಹಿಂದೆ ಸರಿಯಲಿ. ನನ್ನ ತಮ್ಮನಿಗೆ ಈ ನಿಯಮಗಳನ್ನು ಬರೆದು ಗೋಡೆಗೆ ಅಂಟಿಸಿದ್ದೇನೆ.

ಒಳಗೆ ಹೋಗುವ ಪ್ರತಿ ಮಗುವಿನ ಕೈಗೂ ಸಣ್ಣ ಟಾರ್ಚ್ ಕೊಡಿ. ಬೇಕೆಂದಾಗ ಹಾಕಿಕೊಳ್ಳಲಿ. ಆಟ ಕೆಡುತ್ತದೆ ಎಂದು ನಾನೂ ಮೊದಲು ವಾದಿಸಿದ್ದೆ. ನಡೆಯುವುದೇ ಬೇರೆ: ಕೈಯಲ್ಲಿ ಟಾರ್ಚ್ ಇದೆ ಎಂಬ ಧೈರ್ಯಕ್ಕೆ ಹೆಚ್ಚಿನವರು ಅದನ್ನು ಹಾಕುವುದೇ ಇಲ್ಲ. ಜೊತೆಗೆ ಒಂದು ಮಂತ್ರ: ಯಾರಾದರೂ “ಬೆಳಕು!” ಎಂದು ಕೂಗಿದರೆ ಮುಖ್ಯ ಸ್ವಿಚ್ಚಿನ ಬಳಿ ಕುಳಿತ ದೊಡ್ಡವರು ಪ್ರಶ್ನೆ ಕೇಳದೆ ಎಲ್ಲ ದೀಪ ಹಾಕಬೇಕು, ದೆವ್ವಗಳೆಲ್ಲ ಮುಖವಾಡ ತೆಗೆದು ನಮಸ್ಕಾರ ಮಾಡಬೇಕು. ಒಳಗೆ ಹೋಗುವ ಮೊದಲು ಜಗಲಿಯಲ್ಲೇ ಒಮ್ಮೆ ಎಲ್ಲರಿಂದ ಕೂಗಿಸಿ ದೀಪ ಬರುವುದನ್ನು ತೋರಿಸಿ. ಕರೆಂಟು ತಾನಾಗಿಯೇ ಹೋದರೆ ಏನು ಮಾಡಬೇಕೆಂದೂ ಹೇಳಿಡಿ: ನಿಂತಲ್ಲೇ ನಿಂತು ಟಾರ್ಚ್ ಹಾಕುವುದು. ಒಂದು ವರ್ಷ ಅಜ್ಜಿ ಮೂಡುವ ಹೊತ್ತಿಗೇ ಸಿಡಿಲು ಬಡಿದು ಇಡೀ ಬೀದಿ ಕತ್ತಲಾಯಿತು. ಒಳಗಿದ್ದ ನಾಲ್ವರೂ ಅದು ನಮ್ಮದೇ ಕೈಚಳಕ ಎಂದು ಚಪ್ಪಾಳೆ ತಟ್ಟಿದರು.

ಐದು ವರ್ಷಕ್ಕಿಂತ ಚಿಕ್ಕವರಿಗೆ ಐದೂವರೆಗೆ ಬೆಳಕಿನ ಸುತ್ತು: ದೀಪವೆಲ್ಲ ಉರಿಯುತ್ತಿರುವಾಗ ದೆವ್ವಗಳ ಪರಿಚಯ ಮಾಡಿಕೊಂಡು, ಮುಖವಾಡ ಮುಟ್ಟಿ ನೋಡಿ, ಡಬ್ಬಕ್ಕೆ ಕೈ ಹಾಕಿ ಹೋಗುವುದು. ಆರರಿಂದ ಒಂಬತ್ತರವರು ನಾಲ್ಕು ನಾಲ್ಕು ಮಂದಿಯಾಗಿ, ಜೊತೆಗೊಬ್ಬ ಅಕ್ಕ ಅಥವಾ ಅಣ್ಣ. ಹತ್ತು ದಾಟಿದವರು ಇಬ್ಬಿಬ್ಬರಾಗಿ. ಒಂದು ತಂಡಕ್ಕೆ ಆರೇಳು ನಿಮಿಷ ಹಿಡಿಯುತ್ತದೆ, ಹಾಗಾಗಿ ಇಪ್ಪತ್ತಕ್ಕಿಂತ ಹೆಚ್ಚು ಮಕ್ಕಳನ್ನು ಕರೆಯಬೇಡಿ. ಬರುವುದಿಲ್ಲ ಎನ್ನುವ ಮಗುವನ್ನು ಎಳೆಯಬೇಡಿ, “ಇಷ್ಟಕ್ಕೆಲ್ಲ ಹೆದರುತ್ತೀಯಾ” ಎನ್ನುವ ಚಿಕ್ಕಪ್ಪಂದಿರನ್ನು ಅಡುಗೆಮನೆಗೆ ಕಳುಹಿಸಿ. ಆ ಮಗುವಿನ ಕೈಗೆ ಹೆರೆಮಣೆ ಕೆರೆಯುವ ಕೆಲಸ ಕೊಡಿ, ದೊಡ್ಡವರೊಬ್ಬರು ಪಕ್ಕದಲ್ಲಿದ್ದು ಕೈ ಹಿಡಿದುಕೊಂಡಿರಲಿ.

ಅಡುಗೆಮನೆ

ತಿಂಡಿಗೆ ಹೊಸದೇನೂ ಬೇಡ, ಹೆಸರು ಬದಲಾದರೆ ಸಾಕು. ಇಡ್ಲಿಯ ಮೇಲೆ ನೀರುದೋಸೆ ಹೊದಿಸಿ ಎರಡು ಕರಿಎಳ್ಳು ಒತ್ತಿದರೆ ಮುದ್ದಾದ ದೆವ್ವ. ಮುಂಡೇವಿನ ಎಲೆ ಸುತ್ತಿ ಬೇಯಿಸಿದ ಇಡ್ಲಿ, ಅಂದರೆ ಮೂಡೆ, ಈಜಿಪ್ಟಿನ ಮಮ್ಮಿ. ಗೋಳಿಬಜೆ ಏನೆಂದು ನಾವು ಹೇಳುವ ಮೊದಲೇ ಮಕ್ಕಳು ಖಾಲಿ ಮಾಡಿರುತ್ತಾರೆ. ರಕ್ತಕ್ಕೆ ಪುನರ್ಪುಳಿ (ಕೋಕಂ) ಶರಬತ್ತು.

ಮಾಟಗಾತಿಯ ಪಾನಕ ಮಾತ್ರ ಕಣ್ಣೆದುರೇ ಆಗಬೇಕು. ಬೇಲಿಯ ನೀಲಿ ಶಂಖಪುಷ್ಪ ಹತ್ತು ಹದಿನೈದು ಹೂವನ್ನು ಬಿಸಿನೀರಿಗೆ ಹಾಕಿದರೆ ಕಡುನೀಲಿ ಬಣ್ಣ ಬಿಡುತ್ತದೆ. ಸೋಸಿ, ಆರಿಸಿ, ಸಕ್ಕರೆ ಬೆರೆಸಿ ಗಾಜಿನ ಲೋಟಗಳಿಗೆ ಹೊಯ್ಯಿರಿ. ಮಕ್ಕಳ ಕೈಗೆ ಅರ್ಧ ಲಿಂಬೆ ಕೊಟ್ಟು ಮಂತ್ರ ಹೇಳಿ ಹಿಂಡಲು ಹೇಳಿ. ಹನಿ ಬಿದ್ದಲ್ಲೆಲ್ಲ ನೀಲಿ ನೇರಳೆಯಾಗುತ್ತ ಇಳಿಯುತ್ತದೆ. ಹುಳಿಗೆ ಬಣ್ಣ ಬದಲಿಸುವ ಗುಣ ಆ ಹೂವಿನಲ್ಲಿದೆ. ಮಂತ್ರವನ್ನು ಅವರವರೇ ಕಟ್ಟಿಕೊಳ್ಳುತ್ತಾರೆ. ಕಳೆದ ಸಲದ್ದು ಒಂಬತ್ತರ ಮಗ್ಗಿಯಾಗಿತ್ತು.

ಎಂಟೂವರೆಗೆ ಸ್ಪೀಕರು, ದೀಪ ಎಲ್ಲ ಆರಿಸಿ. ಟಾರ್ಪಾಲು, ಬಲೆ ಮರುದಿನ ಬಿಚ್ಚಿದರಾಯಿತು. ಆದರೆ ಡಬ್ಬಗಳೊಳಗಿನ ಶಾವಿಗೆ, ಗಂಜಿ, ದ್ರಾಕ್ಷಿಯನ್ನು ರಾತ್ರಿಯೇ ತೆಂಗಿನ ಬುಡಕ್ಕೆ ಹಾಕಿ, ಸೌತೆಯ ಲಾಟೀನುಗಳಿಂದ ಬತ್ತಿಗಳನ್ನು ಎಣಿಸಿ ತೆಗೆದಿಡಿ. ಎಷ್ಟು ಇಟ್ಟಿದ್ದೆವೋ ಅಷ್ಟೂ ಲೆಕ್ಕಕ್ಕೆ ಸಿಗಬೇಕು. ಹೆರೆಮಣೆಯನ್ನು ತೊಳೆದು ಅದರ ಜಾಗಕ್ಕೆ ಮರಳಿ ಇಡಿ. ಬೆಳಿಗ್ಗೆ ಧ್ವಜಾರೋಹಣಕ್ಕೆ ಹೋಗುವವರಿಗೆ ಉಳಿದ ಮೂಡೆ ಇದೆ, ಚಟ್ನಿಗೆ ಕಾಯಿ ತುರಿಯಬೇಕು.